ಕಾರ್ಡು ಚಿಗವ್ವ

ಲಗ್ನಪತ್ರಿಕೆ ಕೈಗೆ ಬಂದರೆ ನಾವು ನೀವೆಲ್ಲ ಮೊದಲು ನೋಡುವುದು ಯಾರ ಮಗ, ಯಾರ ಮಗಳು, ಊಟ ಎಲ್ಲಿ ಎಂದು. ನಮ್ಮ ಚಿಗವ್ವ ಓದುವ ಗೋಜಿಗೇ ಹೋಗುವುದಿಲ್ಲ. ಹಾಳೆಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು, ಸೀರೆ ಅಂಗಡಿಯಲ್ಲಿ ಸೆರಗು ತಿಕ್ಕಿ ನೋಡುವಂತೆ ತಿಕ್ಕುತ್ತಾಳೆ. "ಮುನ್ನೂರು ಜಿಎಸ್‌ಎಂ ಐತಿ. ಮಂದಿ ಗಟ್ಟಿ ಅದಾರ" ಎನ್ನುತ್ತಾಳೆ. ಹಾಳೆಯ ದಪ್ಪದ ಮೇಲೆ ಬೀಗರ ಯೋಗ್ಯತೆ ಅಳೆಯುವವರು ಸಂತೆಕಲ್ಲೂರಿನಲ್ಲಿ ಇವಳೊಬ್ಬಳೇ. ಶುಭವಾಗಲೆಂದು ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ತಂದುಕೊಟ್ಟರೆ ಮಾತ್ರ ಅವಳ ಮುಖ ಹುಳಿಯಾಗುತ್ತದೆ: "ಚಂದನ್ನ ಮೂಲಿ ಕೆಡಿಸ್ಯಾರ ನೋಡು."

ಕೈಯಾರೆ ಶುಭಾಶಯದ ಕಾರ್ಡು ಮಾಡುವ ಈ ಜಾತಿಯವರು ಈಗ ಊರಿಗೊಬ್ಬರಾದರೂ ಇದ್ದಾರೆ. ಗುರುತಿಸುವುದು ಸುಲಭ. ಉಗುರಿನ ಸಂದಿಯಲ್ಲಿ ಒಣಗಿದ ಫೆವಿಕಾಲ್, ಕೆನ್ನೆಯ ಮೇಲೆ ಮಿಂಚು. ಅವರ ಮನೆಯ ಉಪ್ಪಿಟ್ಟಿನಲ್ಲಿ ಸಾಸಿವೆಯ ಜೊತೆ ಇನ್ನೇನೋ ಹೊಳೆಯುತ್ತದೆ. ಜಗತ್ತಿನಲ್ಲಿ ರದ್ದಿ ಎಂಬುದು ಇದೆಯೆಂದು ಅವರು ಒಪ್ಪುವುದಿಲ್ಲ. ಮಿಠಾಯಿ ಡಬ್ಬಿಯ ಬಂಗಾರದ ಹಾಳೆ, ಊದಿನಕಡ್ಡಿ ಪೊಟ್ಟಣ, ಹರಿದ ಇಳಕಲ್ ಸೀರೆಯ ಅಂಚು, ಎಲ್ಲವೂ ಅವರ ಟ್ರಂಕಿನಲ್ಲಿ ಮುಂದಿನ ಜನ್ಮಕ್ಕೆ ಕಾಯುತ್ತಿರುತ್ತವೆ. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠದ ಶಿವಯೋಗಿಗಳ ಊರು ನಮ್ಮದು. ಒಕ್ಕಲುತನದ ಬಗ್ಗೆ ಅಷ್ಟೆಲ್ಲ ತಿಳಿಸಿಹೋದ ಅವರು ಚಿಗವ್ವನ ಮನೆಯ ಈ ಪೀಕಿಗೆ ಕಳೆ ಹೇಗೆ ತೆಗೆಯಬೇಕೆಂದು ಒಂದು ಮಾತು ಬರೆದಿದ್ದರೆ ನಮಗೆ ಉಪಕಾರವಾಗುತ್ತಿತ್ತು.

ಮೊದಲು ಅವಳದು ಭೆಂಡಿಕಾಯಿ, ಆಲೂಗಡ್ಡೆಯ ಅಚ್ಚಿನ ಕಾಲ. ಆಗ ಕಾರ್ಡಿನಲ್ಲಿ ಹೂವು, ಸಂಜೆಗೆ ಪಲ್ಯ. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ಡೈ ಮಷಿನ್ ತರಿಸಿಕೊಟ್ಟ ಮೇಲೆ ಕೆಟ್ಟಿತು. ನೋಡಲು ಥೇಟ್ ಶಾವಿಗೆ ಮಷಿನ್ನೇ, ಒಂದು ಹಿಡಿಕೆ, ಎರಡು ಉರುಳೆ. ದಪ್ಪ ಪ್ಲಾಸ್ಟಿಕ್ ತಟ್ಟೆಯ ಮೇಲೆ ಹಾಳೆ, ಹಾಳೆಯ ಮೇಲೆ ಹೂವಿನಾಕಾರದ ಉಕ್ಕಿನ ಡೈ, ಅದರ ಮೇಲೆ ಇನ್ನೊಂದು ತಟ್ಟೆ ಇಟ್ಟು ತಿರುವಬೇಕು. ತಟ್ಟೆ ಒಳಗೆ ಹೋಗುವಾಗ ಮಂಡಿ ಮುರಿದಂತೆ ಚಟ್ ಚಟ್ ಅನ್ನುತ್ತದೆ. ಆ ಕಡೆಯಿಂದ ಹೊರಬಂದಾಗ ಹೂವು ಹಾಳೆಯಿಂದ ಬಿಡಿಸಿಕೊಂಡು ಅಂಗೈಗೆ ಬೀಳುತ್ತದೆ. ಅದನ್ನು ಹಿಡಿದುಕೊಂಡು ಅವಳು ನಗುವ ನಗು ನೋಡಿದರೆ ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಳ್ಳುತ್ತದೆ.

ಮಷಿನ್ನಿನ ಜೊತೆ ಬಂದ ಠಸ್ಸೆಗಳೆಲ್ಲ ಇಂಗ್ಲಿಷಿನವು. "ನಮ್ಮ ಮಂದಿಗೆ ಕನ್ನಡದಾಗ ಹರಸಬೇಕು" ಎಂದು ಹಟ ಹಿಡಿದಳು. ಸಿಂಧನೂರಿನಲ್ಲಿ ರಬ್ಬರ್ ಠಸ್ಸೆ ಮಾಡುವವನ ಹತ್ತಿರ ನನ್ನನ್ನೇ ಓಡಿಸಿದಳು. ಜೀವಮಾನವಿಡೀ ಕಚೇರಿಗಳಿಗೆ ಮೊಹರು ಮಾಡಿಕೊಟ್ಟ ಕೈ ಅವನದು. ‘ಹಾರ್ದಿಕ ಶುಭಾಶಯಗಳು’ ಎಂಬುದನ್ನೂ ದುಂಡಗೆ, ಸುತ್ತ ಎರಡು ಗೆರೆ ಎಳೆದು ಮಾಡಿಕೊಟ್ಟ. ಅದನ್ನು ನೇರಳೆ ಶಾಯಿಯಲ್ಲಿ ಒತ್ತಿದ ಮೇಲೆ ಚಿಗವ್ವನ ಹಾರೈಕೆಗಳು ‘ಪರಿಶೀಲಿಸಿ ದೃಢೀಕರಿಸಲಾಗಿದೆ’ ಎಂಬಂತೆ ಕಾಣತೊಡಗಿದವು. ಕೆಳಗೆ ಪಿಡಿಓ ಸಹಿಯೊಂದೇ ಬಾಕಿ. ಇನ್ನು ಉಬ್ಬಿದ ಅಕ್ಷರಕ್ಕೆಂದು ತರಿಸಿದ ಪುಡಿಯನ್ನು ಸೊಸೆಯ ಕೂದಲು ಒಣಗಿಸುವ ಯಂತ್ರದಿಂದ ಕರಗಿಸಲು ಹೋದಳು. ಅಕ್ಷರ ಉಬ್ಬಲಿಲ್ಲ, ಪುಡಿಯೆಲ್ಲ ಹಾರಿ ಒಲೆಯ ಮೇಲಿನ ಬ್ಯಾಳಿಗೆ ಬಂಗಾರದ ಒಗ್ಗರಣೆ ಬಿತ್ತು. ಕೊನೆಗೆ ಇಸ್ತ್ರಿ ಪೆಟ್ಟಿಗೆಯನ್ನು ಬೋರಲು ಹಿಡಿಸಿ, ಅದರ ಮೇಲೆ ಹಾಳೆ ಕಾಯಿಸುವ ದಾರಿ ತಾನೇ ಕಂಡುಕೊಂಡಳು. ಹಿಡಿದು ನಿಲ್ಲುವ ಕೆಲಸ ನನ್ನದು.

ಇದರಲ್ಲಿ ನನ್ನ ತಪ್ಪೂ ಉಂಟು. ನಾಲ್ಕಕ್ಷರ ಓದಿದ ಜಂಬಕ್ಕೆ ಒಮ್ಮೆ ಬಿಜಾಪುರದ ಅಬ್ರಿಯ ಕಥೆ ಹೇಳಿಬಿಟ್ಟೆ. ಆದಿಲ್‌ಶಾಹಿ ಕಾಲದಲ್ಲಿ, 17ನೇ ಶತಮಾನದಲ್ಲಿ, ನೀರಿನ ಮೇಲೆ ಬಣ್ಣ ತೇಲಿಸಿ, ಮೋಡದಂಥ ಚಿತ್ತಾರವನ್ನು ಹಾಳೆಗೆ ಹಿಡಿಯುತ್ತಿದ್ದರಂತೆ ಎಂದೆ. ಮರುದಿನವೇ ಕಾರಹುಣ್ಣಿವೆಯಲ್ಲಿ ಎತ್ತಿನ ಕೋಡಿಗೆ ಬಳಿದು ಉಳಿದ ಎಣ್ಣೆಬಣ್ಣ ಬಚ್ಚಲ ಬಕೆಟ್ಟಿಗೆ ಬಿತ್ತು. ಹಾಳೆಗಳು ನಿಜಕ್ಕೂ ಚೆನ್ನಾಗಿ ಬಂದವು. ಆ ಬಕೆಟ್ಟಿನಲ್ಲಿ ನೋಡದೆ ಸ್ನಾನ ಮಾಡಿದ ನಾನೂ ಒಂದು ವಾರ ಅಬ್ರಿಯಾಗಿದ್ದೆ.

ಆದರೆ ಇವೆಲ್ಲ ಸಣ್ಣ ಪೆಟ್ಟು. ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿರುವುದು ಗೆಳೆಯನ ಮಗಳ ಮದುವೆ.

ರಾಯಚೂರಿನಲ್ಲಿ ನೆಲೆಸಿರುವ ಗೆಳೆಯ ಪತ್ರಿಕೆ ಕೊಟ್ಟುಹೋಗಿದ್ದ. "ಒಂದಿನ ಇಟಗೊಂಡು ಕೊಡ್ತೀನಿ" ಎಂದು ಚಿಗವ್ವ ಒಯ್ದಳು. ಮದುವೆಯ ಮುಂಜಾನೆ ವಾಪಸು ಬಂದ ಪತ್ರಿಕೆಯ ನಡುವೆ ಐದೆಸಳಿನ ತೂತು. ಮುಹೂರ್ತ ಇತ್ತು, ದೇವರುಗಳಿದ್ದರು, ‘ತಮ್ಮ ಸುಖಾಗಮನ ಬಯಸುವ’ ಅಜ್ಜ, ಕಾಕ, ಮಾವಂದಿರೆಲ್ಲ ಸಾಲಾಗಿ ಇದ್ದರು. ಊರಿರಬೇಕಾದ ಜಾಗದಲ್ಲಿ ಮಾತ್ರ ಒಂದೇ ಅಕ್ಷರ ಉಳಿದಿತ್ತು: ‘ರು’. ಸಿಂಧನೂರೂ ‘ರು’, ಲಿಂಗಸುಗೂರೂ ‘ರು’, ರಾಯಚೂರೂ ‘ರು’, ಹಾಗೆ ನೋಡಿದರೆ ನಾನು ನಿಂತಿದ್ದ ಸಂತೆಕಲ್ಲೂರೂ ‘ರು’. "ಊರೆಲ್ಲಿ ಹೋತು ಚಿಗವ್ವ?" ಎಂದರೆ, "ನಾ ಯಾಕ ಊರು ನೋಡ್ಲಿ? ನಾ ಏನ್ ಲಗ್ನಕ್ಕ ಹೊಂಟೀನೇನು?" ಎಂದಳು. ಮೇಲೆ ಒಂದು ಲಕೋಟೆ ಕೊಟ್ಟಳು: "ಒಡೀಬ್ಯಾಡ ತಮ್ಮಾ. ಸೀದಾ ಮದುಮಗಳ ಕೈಯಾಗ ಕೊಡು."

ವಾಟ್ಸಾಪಿಗೂ ಪತ್ರಿಕೆ ಬಂದಿತ್ತು. ಫೋನಿನಲ್ಲಿ ಜಾಗವಿಲ್ಲವೆಂದು ಹಿಂದಿನ ವಾರವಷ್ಟೇ ನೂರಾರು ‘ಶುಭೋದಯ’ಗಳ ಜೊತೆ ಅದನ್ನೂ ಅಳಿಸಿದ್ದೆ. ಮದುವೆಯ ದಿನ ಹೆಣ್ಣಿನ ಅಪ್ಪ ಫೋನ್ ಎತ್ತುತ್ತಾನೆಯೇ? ಬೀಗರು ಲಿಂಗಸುಗೂರು ಕಡೆಯವರೆಂದು ಯಾರೋ ಅಂದದ್ದು ನೆನಪಾಗಿ ಬಸ್ಸು ಹತ್ತಿದೆ. ಅಲ್ಲಿ ಮೊದಲು ಸಿಕ್ಕ ಮಂಟಪದಲ್ಲೇ ಮದುವೆ ನಡೆದಿತ್ತು. ಅಕ್ಕಿಕಾಳು ಹಾಕಿದೆ, ಐನೂರು ರೂಪಾಯಿ ಮುಯ್ಯಿ ಬರೆಸಿದೆ, ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ತಿಂದೆ. ಕೈ ತೊಳೆದು ಬಂದು ವೇದಿಕೆ ಹತ್ತಿದಾಗಲೇ ಗೊತ್ತಾದದ್ದು, ಈ ಮದುಮಗಳನ್ನು ನಾನು ಜನ್ಮದಲ್ಲಿ ನೋಡಿಲ್ಲ ಎಂದು.

ಮೂಲೆಗೆ ಬಂದು ದಿಕ್ಕು ತೋಚದೆ ಲಕೋಟೆ ಒಡೆದೆ. ಒಳಗೆ ಚೆಂದದ ಕಾರ್ಡು. ನಡುವೆ ಫೋಮ್ ಟೇಪಿನ ಮೇಲೆ ಎದ್ದು ನಿಂತ ಐದೆಸಳಿನ ಕೆಂಪು ಹೂವು. ಒಂದು ಎಸಳನ್ನು ಮೆಲ್ಲಗೆ ಎತ್ತಿ ಬಗ್ಗಿ ನೋಡಿದೆ. ಹಿಂಬದಿಯಲ್ಲಿ ಬಂಗಾರದ ಅಕ್ಷರದಲ್ಲಿ ‘ಸಿಂಧನೂ’ ಎಂದಿತ್ತು! ಮುಂಜಾನೆಯಿಂದ ಆ ಊರನ್ನು ಎದೆಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದೆ. ಮಸ್ಕಿಯ ಮೇಲಿಂದ ಸಿಂಧನೂರು ಮುಟ್ಟಿದಾಗ ಅಲ್ಲಿ ಪೆಂಡಾಲು ಬಿಚ್ಚುತ್ತಿದ್ದರು.

ಸಂಜೆ ಬಂದು ಕೂಗಾಡಿದೆ. "ಇಷ್ಟ್ಯಾಕ ಒದ್ದಾಡ್ತಿ? ಎಲ್ಲಾರೂ ಫೋನಿನಾಗ ಕಳಸ್ತಾರ" ಎಂದೆ. ಅವಳು ಅಂಟು ಹಚ್ಚುತ್ತಲೇ ಕೇಳಿದಳು: "ನಮ್ಮ ಮಸ್ಕಿ ಗುಡ್ಡದಾಗ ಅಶೋಕ ಕಲ್ಲಿನ ಮ್ಯಾಲೆ ಬರಸ್ಯಾನಲ್ಲ, ಅವನೂ ಫೋನಿನಾಗ ಕಳಿಸಿದ್ದರ ಇವತ್ತ ಸಿಗತಿತ್ತೇನು? ನಿನ್ನಂಥಾವ ಎಂದೋ ಅಳಿಸಿರತಿದ್ದ."

ನನ್ನಲ್ಲಿ ಉತ್ತರವಿರಲಿಲ್ಲ. ಬೇರೆ ಕಡೆಯ ಶಾಸನಗಳಲ್ಲಿ ‘ದೇವಾನಾಂಪಿಯ’ ಎಂಬ ಬಿರುದು ಓದಿ ಇವನು ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಮಸ್ಕಿಯ ಬಂಡೆ ಸಿಕ್ಕಿತು. ಅದರಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರಿತ್ತು. ಬರೀ ಬಿರುದು ಸಾಲದು, ಹೆಸರು ಬೇಕು ಎಂಬುದು ಚಿಗವ್ವನಿಗೂ ಗೊತ್ತು. ಅವಳ ಕಾರ್ಡಿನಲ್ಲಿ ಎಷ್ಟೇ ಮಿಂಚು ಉದುರಲಿ, ಒಳಗೆ ಪಡೆಯುವವರ ಹೆಸರು ಪೂರ್ತಿ ಇರುತ್ತದೆ, ಕೆಳಗೆ ಅವಳದೂ ಇರುತ್ತದೆ. ದಿನಾ ಬೆಳಗಾದರೆ ನನ್ನ ಫೋನಿಗೆ ಬಂದು ಬೀಳುವ ಸೂರ್ಯೋದಯಗಳು ಯಾರು ಯಾರಿಗೆ ಕಳಿಸಿದವೋ ಯಾರಿಗೆ ಗೊತ್ತು?

1994ರಲ್ಲಿ ನಾನು ಪಿಯುಸಿ ಗಣಿತದಲ್ಲಿ ಫೇಲಾದೆ. ಆಗೆಲ್ಲ ಡಿಸೆಂಬರ್ ಬಂದರೆ ಅಂಗಡಿಗಳ ಮುಂದೆ ಹಗ್ಗಕ್ಕೆ ಸಿಗಿಸಿದ ಹೊಸ ವರ್ಷದ ಕಾರ್ಡುಗಳು ತೂಗುತ್ತಿದ್ದವು. ಗುಲಾಬಿ, ಹಂಸ, ಸಿನಿಮಾ ನಟರು. ಮೊದಲ ಕ್ರಿಸ್ಮಸ್ ಕಾರ್ಡನ್ನು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅಚ್ಚು ಹಾಕಿಸಿದ್ದು, ಒಬ್ಬೊಬ್ಬರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲದೆ ಎನ್ನುತ್ತಾರೆ. ಅಂದಿನಿಂದ ಗೆದ್ದವರಿಗೆ, ಹುಟ್ಟಿದವರಿಗೆ, ಮದುವೆಯಾದವರಿಗೆ ಕಾರ್ಡು ಬಂದವು. ಫೇಲಾದವನಿಗೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಚಿಗವ್ವ ಮಾಡಿ ಕಳಿಸಿದಳು, ಎರಡು ಓಣಿ ಆಚೆಯ ನನಗೆ ಅಂಚೆಯಲ್ಲಿ, ಹೆಸರು ಅಡ್ರೆಸ್ಸು ಸಮೇತ. ನಾಲ್ಕು ಕಾಸು ಉಳಿಯಲೆಂದು ಲಕೋಟೆಯ ಬಾಯಿ ಅಂಟಿಸದೆ ಬುಕ್ ಪೋಸ್ಟ್ ಮಾಡಿದ್ದರಿಂದ, ನನಗಿಂತ ಮೊದಲು ಅದನ್ನು ಊರೇ ಓದಿತು. ಆಲೂಗಡ್ಡೆ ಅಚ್ಚಿನ ಮಾವಿನಕಾಯಿ ಥೇಟ್ ಸೊನ್ನೆಯಂತಿತ್ತು. ಒಳಗೆ ಬರೆದಿದ್ದಳು: "ಗಣಿತ ನಿನ್ನ ಕೈ ಬಿಟ್ಟರ ಬಿಡಲಿ. ಸಂಜೀಕ ಹೋಳಿಗಿ ಮಾಡೀನಿ, ಬಾ." ನಾಚಿಕೆಯಿಂದ ಎರಡು ದಿನ ಹೊರಬರಲಿಲ್ಲ. ಹೋಳಿಗೆ ತಪ್ಪಿತು. ಕಾರ್ಡು ಇನ್ನೂ ನನ್ನ ಕಪಾಟಿನಲ್ಲಿದೆ.

ಅದಕ್ಕೇ ಈ ಯುಗಾದಿಗೆ ಅವಳಿಗೊಂದು ಕಾರ್ಡು ನಾನೇ ಮಾಡಿದೆ. ಮನೆಗೆ ಬಂದಿದ್ದ ಪತ್ರಿಕೆಯೊಂದರ ದಪ್ಪ ಹಾಳೆ ಹುಡುಕಿ, ಮೊಮ್ಮಕ್ಕಳ ಕತ್ತರಿಯಿಂದ ಹೂವು ಕತ್ತರಿಸಿ ಅಂಟಿಸಿದೆ. ಹೂವಿಗೆ ಆರೂವರೆ ಎಸಳು ಬಂದವು. ಒಳಗೆ ಅವಳ ಹೆಸರು, ಕೆಳಗೆ ನನ್ನದು. ಚಿಗವ್ವ ಕಾರ್ಡು ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಕಣ್ಣು ತುಂಬಿಕೊಂಡಳೆಂದು ನಾನು ಬೇರೆ ಕಡೆ ನೋಡಿದೆ.

"ಮುನ್ನೂರು ಜಿಎಸ್‌ಎಂ" ಎಂದಳು. ಆಮೇಲೆ, "ಯಾರ ಲಗ್ನದ್ದು ಇದು?"

"ನಮ್ಮ ಆಫೀಸಿನವರ ಮಗಂದು. ಬರೋ ಐತವಾರ."

"ಎಲ್ಲೈತಿ?"

ಮನೆಗೆ ಓಡಿ ಬಂದು ಉಳಿದ ಹಾಳೆ ಬಿಡಿಸಿ ನೋಡಿದೆ. ‘ರು’ ಇತ್ತು.