ಮೂಕಿಯ ಮೇಲಿನ ಭಾರ

ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಒಂದು ತೂಕ ಎಲ್ಲರಿಗೂ ಬಾಯಿಪಾಠ: 23 ಕಿಲೋ. ವಿಮಾನದ ಸೂಟ್‌ಕೇಸಿನ ಆ ಮಿತಿಯೊಳಗೆ ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಹಿಂಡಿ, ಕಟಕ್ ರೊಟ್ಟಿ, ಮೇಲೊಂದು ಹಾವೇರಿಯ ಏಲಕ್ಕಿ ಹಾರ ಎಲ್ಲ ತುರುಕಿ, ಕೊಕ್ಕೆ ತಕ್ಕಡಿಗೆ ನೇತುಹಾಕಿದಾಗ 22.9 ಬಂದರೆ ನಮ್ಮ ಅತ್ತೆಯ ಮುಖದಲ್ಲಿ ಕಾಣುವ ಕಳೆ ಮೊಮ್ಮಗ ಹುಟ್ಟಿದಾಗಲೂ ಕಂಡಿರಲಿಲ್ಲ. ಇಂಥ ಮನೆತನಕ್ಕೆ ಪಿಕಪ್ ಟ್ರಕ್ಕು ಎಷ್ಟು ಎಳೆದೀತು ಎಂಬ ಲೆಕ್ಕ ತೊಡಕಾಗಬಾರದಿತ್ತು.

ನಮ್ಮ ಯಜಮಾನರ ಊರು ಗಳಗನಾಥ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಜಾಗ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. "ಹೊರೂದು ನಮ್ಮೂರವ್ರ ರಕ್ತದಾಗ ಐತಿ" ಎನ್ನುತ್ತಾರೆ ನಮ್ಮ ಯಜಮಾನರು. ಇವರು ಈವರೆಗೆ ಹೊತ್ತದ್ದು ಲ್ಯಾಪ್‌ಟಾಪ್ ಚೀಲ. ಅದಕ್ಕೂ ಗಾಲಿಗಳಿವೆ.

ಟೆಕ್ಸಾಸಿಗೆ ಬಂದವರಿಗೆ ಪಿಕಪ್ ಕೊಳ್ಳುವ ಗಾಳಿ ಒಂದಿಲ್ಲೊಂದು ದಿನ ಬಡಿಯುತ್ತದೆ. ಇವರಿಗೂ ಬಡಿಯಿತು. ಜಾಹೀರಾತಿನಲ್ಲಿ 13,000 ಪೌಂಡು ಎಳೆಯುತ್ತದೆ ಎಂದಿತ್ತು, ಅಂದರೆ ಹತ್ತಿರ ಹತ್ತಿರ 5,900 ಕಿಲೋ. ಊರಿಂದ ಅಪ್ಪ ಅವ್ವ ಬಂದಿದ್ದಾರೆ, ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಟ್ರೇಲರನ್ನು ಬಾಡಿಗೆಗೆ ತಂದು ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಎಂದರು. ತುಂಬಿದ ಟ್ರೇಲರು 3,200 ಕಿಲೋ. 5,900ರಲ್ಲಿ 3,200 ಹೋದರೆ ಇನ್ನೂ ಒಂದು ಸಣ್ಣ ಮದುವೆಯ ದಿಬ್ಬಣ ಕೂರಿಸಬಹುದು ಎಂಬುದು ಇವರ ಗಣಿತ.

ಮಾವನವರು ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಕೊಂಡಿಯನ್ನು ಕಾಲಿನಿಂದ ಒದ್ದು, "ಎಳೀತೈತಿ, ಖರೆ. ಮೂಕಿ ಮ್ಯಾಲೆ ಎಷ್ಟು ಭಾರ ಕುಂಡರ್ತೈತಿ ಅದನ್ನ ಹೇಳು" ಎಂದರು. ಮಗನಿಗೆ ಉತ್ತರ ಹೊಳೆಯಲಿಲ್ಲ.

ಮಾವ ವರ್ಷಗಟ್ಟಲೆ ಬ್ಯಾಡಗಿ ಪೇಟೆಗೆ ಚಕ್ಕಡಿ ಹೊಡೆದವರು. ಚಕ್ಕಡಿಯಲ್ಲಿ ಚೀಲ ಹಿಂದಕ್ಕೆ ಜಾಸ್ತಿಯಾದರೆ ನೊಗ ಮೇಲೆದ್ದು ಜತ್ತಿಗೆ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತದೆ. ಹೇರಿದ ಮೇಲೆ ಎತ್ತು ಹೂಡುವ ಮೊದಲು ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ತುದಿಯನ್ನು, ಕೈಯಿಂದ ಎತ್ತಿ ನೋಡುವುದು ಅವರ ರೂಢಿ. ಮೆಣಸಿನಕಾಯಿ ಚೀಲ ಆಕಾಶಕ್ಕೆ ಏರಿದರೂ ಹಗುರ, ಜೋಳದ ಚೀಲ ನೋಡಲಿಕ್ಕೆ ಗಿಡ್ಡ, ಅಚ್ಚು ಮುರಿಯುವುದು ಅದೇ ಎಂಬುದೂ ಅವರಿಗೆ ಗೊತ್ತು.

ಟ್ರೇಲರಿನದೂ ಅದೇ ನ್ಯಾಯ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರು ಬಾಲ ಆಡಿಸಲು ಶುರುಮಾಡಿ ಕೊನೆಗೆ ಟ್ರಕ್ಕನ್ನೇ ಅಲ್ಲಾಡಿಸುತ್ತದೆ. ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರಾಗುತ್ತದೆ; ಸ್ಟೇರಿಂಗೂ ಬ್ರೇಕೂ ಮಾತು ಕೇಳುವುದಿಲ್ಲ. ನೂರಕ್ಕೆ 13 ಎಂದು ಹಿಡಿದರೆ ನಮ್ಮದು 416 ಕಿಲೋ. ಈ ಭಾರವನ್ನು ಟ್ರಕ್ಕು ಎಳೆಯುವುದಿಲ್ಲ, ಹೊರುತ್ತದೆ.

ಹೊರುವ ಮಿತಿ ಜಾಹೀರಾತಿನಲ್ಲಿ ಇರುವುದಿಲ್ಲ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ: ಕೂತವರು, ಸಾಮಾನು ಎಲ್ಲ ಸೇರಿ ಇಷ್ಟನ್ನು ಮೀರಕೂಡದು. ನಮ್ಮದರಲ್ಲಿ 680 ಕಿಲೋ ಎಂದಿತ್ತು. 416 ಕಳೆ, ಕೊಂಡಿಯ ಕಬ್ಬಿಣದ ಸರಂಜಾಮು 40 ಕಳೆ. ಉಳಿದದ್ದು 224. ಜನ ಐದು. ತಲೆಗೆ 45 ಕಿಲೋಗಿಂತ ಕಡಿಮೆ, ಅದೂ ಬರಿಗೈಲಿ.

ಹಾಗಾದರೆ 5,900 ಎಲ್ಲಿಂದ ಬಂತು? ಅಮೆರಿಕದ ಕಂಪನಿಗಳು ಪಾಲಿಸುವ ಜೆ2807 ಎಂಬ ಮಾನದಂಡದಲ್ಲಿ ಟ್ರಕ್ಕಿನೊಳಗೆ ಇಬ್ಬರೇ, ತಲಾ 68 ಕಿಲೋದವರು ಎಂದು ಲೆಕ್ಕ. ಆ ಇಬ್ಬರನ್ನು ಹೊತ್ತು, ಟ್ರೇಲರನ್ನು ಎಳೆದುಕೊಂಡು ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಹತ್ತಬೇಕು. ಬಿಸಿಲು, ಏರು, ಎಂಜಿನ್ನು ಎಲ್ಲ ಸರಿ, ಆದರೆ ಆ ಇಬ್ಬರು ಯಾರು? ಪ್ರತಿ ಶನಿವಾರ ಕನ್ನಡ ಸಂಘದವರ ಮನೆಯಲ್ಲಿ ಹೋಳಿಗೆ ಊಟ ಮಾಡುವ ಜಾತಿಯವರಂತೂ ಅಲ್ಲ.

ಲೆಕ್ಕ ಪಕ್ಕಾ ಆಗಬೇಕಾದರೆ ಪ್ರತಿಯೊಬ್ಬರ ತೂಕ ಬೇಕು ಎಂದು ಇವರು ಎಕ್ಸೆಲ್ ತೆರೆದು ಕೂತರು. ನನ್ನನ್ನು ಕೇಳಿದರು, ಮದುವೆಗೆ ಮೊದಲು ಜಾತಕದ ಜೊತೆ ಕಳಿಸಿದ್ದೆವಲ್ಲ, ಅದನ್ನೇ ಬರೆದುಕೊಳ್ಳಿ ಎಂದೆ. ಅತ್ತೆ, "ಇಲ್ಲಿಗೆ ಬಂದ ಮ್ಯಾಲೆ ಸೊರಗಿ ಕಡ್ಡಿ ಆಗೀನಿ, ಸೊನ್ನಿ ಬರಕೋ" ಎಂದರು. ಸಾಮಾನನ್ನೆಲ್ಲ ಟ್ರೇಲರಿಗೆ ದಾಟಿಸಿದರೆ ಮುಗಿಯಿತಲ್ಲ ಎಂದ ನನ್ನ ಮಗ. ಟ್ರೇಲರಿಗೆ ಹಾಕಿದ್ದರ ಪಾಲೂ ಮೂಕಿಗೆ ಬಂದೇ ಬರುತ್ತದೆ ಎಂದು ಅಜ್ಜ ಮೊಮ್ಮಗನಿಗೆ ಪೆನ್ಸಿಲು, ರಬ್ಬರು ಇಟ್ಟು ತೋರಿಸಿದರು. 150 ಲೀಟರಿನ ನೀರಿನ ಟ್ಯಾಂಕು ತುಂಬಿಸಿದರೆ 150 ಕಿಲೋ, ಖಾಲಿ ಒಯ್ಯುವುದೆಂದಾಯಿತು. ಗ್ರೈಂಡರೂ ಬೇಡ ಎಂದದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟರು.

ಕೊನೆಗೆ ಹೆದ್ದಾರಿ ಪಕ್ಕದ ಲಾರಿ ತಂಗುದಾಣದ ತೂಕದ ಕಟ್ಟೆಗೆ ಒಯ್ದೆವು. ಅಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೇಲರಿನ ಗಾಲಿ ಮೂರಕ್ಕೂ ಬೇರೆ ಬೇರೆ ತೂಕ ಬರೆದ ಚೀಟಿ ಕೊಡುತ್ತಾರೆ. ಟ್ರೇಲರನ್ನು ಕಳಚಿಟ್ಟು ಟ್ರಕ್ಕೊಂದನ್ನೇ ಮತ್ತೆ ತೂಗಿಸಿದರೆ ಮೂಕಿಯ ಭಾರ ಎಷ್ಟೆಂಬುದು ಕಳೆಯುವ ಲೆಕ್ಕದಲ್ಲಿ ಸಿಗುತ್ತದೆ. ಎರಡನೆಯ ಸಲಕ್ಕೆ ರೇಟೂ ಕಡಿಮೆ. ಅದೂ ಆಯಿತು. ಇವರಿಗೆ ಹುರುಪು ಏರಿತು. "ಅವ್ವಾ, ಒಂದ್ ನಿಮಿಷ ಕೆಳಗ ಇಳಿ, ಇನ್ನೊಮ್ಮೆ ತೂಗಸ್ತೀನಿ" ಎಂದರು.

ಅತ್ತೆ ಸೀಟ್ ಬೆಲ್ಟ್ ಹಾಕಿಕೊಂಡರು.

"ಕಳಿಯೂ ಲೆಕ್ಕ ನನಗೂ ಬರ್ತೈತಿ. ಬೇಕಾದ್ರ ನಿಮ್ಮಪ್ಪನ್ನ ಇಳಸು."