ಬೇವು-ಬೆಲ್ಲ ಮಹಾಪ್ರಯೋಗ: ಒಂದು ದಂತಮೀಮಾಂಸೆ

ಯುಗಾದಿಯ ಬೆಳಿಗ್ಗೆ ಬೇವು-ಬೆಲ್ಲ ತಿನ್ನುವುದು ಸುಖದುಃಖಗಳನ್ನು ಸಮನಾಗಿ ಸ್ವೀಕರಿಸಲಿಕ್ಕೆ ಎಂದು ಪಂಚಾಂಗ ಓದುವವರು ಹೇಳುತ್ತ ಬಂದಿದ್ದಾರೆ. ಈ ವ್ಯಾಖ್ಯಾನವನ್ನು ಪ್ರಸ್ತುತ ಪ್ರಬಂಧಕಾರನು ಸವಿನಯವಾಗಿ ತಳ್ಳಿಹಾಕುತ್ತಾನೆ. ಇದು ವೇದಾಂತವಲ್ಲ, ಪ್ರಯೋಗ. ಅದೂ ಸಮಸ್ತ ಕನ್ನಡಿಗರ ಬಾಯಲ್ಲಿ ಏಕಕಾಲಕ್ಕೆ, ಅನುದಾನವಿಲ್ಲದೆ, ಒಪ್ಪಿಗೆ ಪತ್ರಕ್ಕೆ ಯಾರ ರುಜುವೂ ಇಲ್ಲದೆ ನಡೆಯುವಂಥದ್ದು. (ನೆರೆಯ ತೆಲುಗರು ಹುಣಿಸೆ, ಮಾವು, ಖಾರ, ಉಪ್ಪು ಎಲ್ಲ ಬೆರೆಸಿ ಪ್ರಯೋಗದ ಶುದ್ಧತೆಯನ್ನು ಕೆಡಿಸಿದ್ದಾರೆ. ರುಚಿ ಮಾತ್ರ ಅವರದೇ ವಾಸಿ.)

ಪ್ರತಿವಾದಿಯ ಪರಿಚಯ: ಹಲ್ಲು ಹುಳುಕಿಸುವ ಜೀವಾಣು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. 1924ರಲ್ಲಿ ಕಿಲಿಯನ್ ಕ್ಲಾರ್ಕ್ ಎಂಬಾತ ಹುಳುಕು ಹಲ್ಲಿನಿಂದ ಹೆಕ್ಕಿ ಇದಕ್ಕೆ ನಾಮಕರಣ ಮಾಡಿದ. ಸುಕ್ರೋಸ್ ಸಿಕ್ಕಿದ್ದೇ ತಡ, ಗ್ಲೂಕೋಸಿಲ್‌ಟ್ರಾನ್ಸ್‌ಫರೇಸ್ ಎಂಬ ಕಿಣ್ವದಿಂದ ಅದನ್ನು ಒಡೆದು, ಗ್ಲೂಕೋಸನ್ನು ಪೋಣಿಸಿ, ಗ್ಲೂಕನ್ ಎಂಬ ಅಂಟು ತಯಾರಿಸುತ್ತದೆ. ಆ ಅಂಟಿನೊಳಗೆ ಬಂಧುಬಳಗ ಸಮೇತ ಬೀಡುಬಿಟ್ಟರೆ ಅದೇ ಹಲ್ಲಿನ ಪಾಚಿ. ಉಳಿದ ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ.

ಇನ್ನು ಪ್ರಮಾಣ ಗ್ರಂಥ. ಹಲ್ಲುಜ್ಜುವ ಕಡ್ಡಿ 12 ಅಂಗುಲ ಉದ್ದ, ಕಿರುಬೆರಳಿನ ದಪ್ಪ ಇರಬೇಕು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಾಚಿನ ಮರ, ಸಿಹಿಯಲ್ಲಿ ಇಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠ ಎನ್ನುತ್ತದೆ ಸುಶ್ರುತ ಸಂಹಿತೆ. ಕಾಚಿನಲ್ಲಿರುವ ಕ್ಯಾಟೆಚಿನ್‌ನ ದಾಯಾದಿಗಳು ಚಹಾ ಎಲೆಯಲ್ಲೂ ಇವೆ, ಮತ್ತು ಮೇಲ್ಕಂಡ ಕಿಣ್ವದ ಕೈ ಕಟ್ಟುವ ಶಕ್ತಿ ಅವಕ್ಕಿದೆ. ಅದನ್ನು ಅರಿತೇ ನಾವು ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕುತ್ತೇವೆ.

ಇಲ್ಲಿಂದ ಸಿದ್ಧಾಂತ ಹೊಳೆಯುತ್ತದೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂದರು ತಾರ್ಕಿಕರು; ಎಲ್ಲೆಲ್ಲಿ ಮದ್ದೋ ಅಲ್ಲಲ್ಲಿ ಸಕ್ಕರೆ ಎಂದು ಈ ಪ್ರಬಂಧ. ಲವಂಗದ ಯೂಜಿನಾಲನ್ನು ದಂತವೈದ್ಯರು ಸತುವಿನ ಆಕ್ಸೈಡಿನೊಂದಿಗೆ ಕಲಸಿ ಹಲ್ಲಿನ ಕುಳಿಗೆ ತುಂಬುತ್ತಾರೆ. ನಾವು ಅದೇ ಲವಂಗವನ್ನು ಬೂಂದಿ ಲಾಡಿನಲ್ಲಿ ಹೂಳುತ್ತೇವೆ. ಅಮೆರಿಕದ ಕ್ರ್ಯಾನ್‌ಬೆರಿ ಹಣ್ಣಿನ ಪ್ರೊಆಂಥೊಸಯನಿಡಿನ್‌ಗಳು ಪಾಚಿ ಕಟ್ಟುವುದನ್ನು ತಡೆಯಬಲ್ಲವೆಂದು ಪ್ರಯೋಗಾಲಯಗಳು ಸಾರಿವೆ. ಆದರೆ ಹಣ್ಣು ಎಷ್ಟು ಹುಳಿಯೆಂದರೆ ರಸಕ್ಕೆ ಸಕ್ಕರೆ ಸುರಿಯದೆ ಮಾರುವುದು ಕಷ್ಟ. ಸಿದ್ಧಾಂತಕ್ಕೆ ಒಂದೇ ಅಪವಾದ ಲಾಸ್ ಏಂಜಲೀಸಿನದು: ಅಲ್ಲಿನ ಸಂಶೋಧಕರು ಜ್ಯೇಷ್ಠಮಧುವಿನ ಸಾರದಿಂದ ಸಕ್ಕರೆಯಿಲ್ಲದ ಲಾಲಿಪಾಪ್ ಮಾಡಿದರು. ಶಾಸ್ತ್ರಕ್ಕೆ ಇಂಥ ದ್ರೋಹ ಆಗಾಗ ಆಗುತ್ತಿರುತ್ತದೆ.

ಪೂರ್ವಪಕ್ಷ: “ಸ್ವಾಮೀ, ನಿಮ್ಮ ಬೇವು, ಲವಂಗ, ಚಹಾ ಗೆದ್ದದ್ದೆಲ್ಲ ಬಹುಮಟ್ಟಿಗೆ ಗಾಜಿನ ತಟ್ಟೆಯಲ್ಲಿ. ಬಾಯಲ್ಲಾದರೆ ಎಂಜಲು ಹರಿಯುತ್ತದೆ, ಕಷಾಯ ನಿಲ್ಲುವುದು ನಾಲ್ಕು ನಿಮಿಷ. ಪಾಚಿಯೊಳಗೆ ಅವಿತ ಜೀವಾಣು ತೇಲಾಡುವುದಕ್ಕಿಂತ ಬಲು ಗಟ್ಟಿಪಿಂಡ. ಬೇವಿನ ಕಡ್ಡಿಯ ಪುಣ್ಯದಲ್ಲೂ ಒಂದು ದೊಡ್ಡ ಪಾಲು ಕಹಿಗಲ್ಲ, ಜಗಿದು ಮಾಡಿದ ಕುಂಚದ ಉಜ್ಜುವಿಕೆಗೆ ಸೇರಬೇಕು.” ಉತ್ತರ: ಈ ಆಕ್ಷೇಪ ನಿಜವಾದ್ದರಿಂದ ಇಲ್ಲಿ ಚರ್ಚೆಗೆ ಎತ್ತಿಕೊಂಡಿಲ್ಲ.

ಮೂಲ ಪ್ರಯೋಗಕ್ಕೆ ಮರಳೋಣ. ಬೆಲ್ಲದ ಬಹುಭಾಗ ಸುಕ್ರೋಸ್. ಅಂದರೆ ಶತ್ರುವಿಗೆ ವಿಷ, ಊಟ ಎರಡನ್ನೂ ಒಂದೇ ತುತ್ತಿನಲ್ಲಿ ಬಡಿಸಿ ಅದರ ಬುದ್ಧಿಯನ್ನು ಪರೀಕ್ಷಿಸುವ ವಿನ್ಯಾಸವಿದು. ಹೋಲಿಕೆಗೆ ಬರೀ ಬೆಲ್ಲ ತಿನ್ನುವ ಗುಂಪು ಬೇಕಿತ್ತು. ಬೇವಿನ ಎಸಳನ್ನು ಆಯ್ದು ತಟ್ಟೆಯಂಚಿಗೆ ಸರಿಸುವ ಮಕ್ಕಳು ಮನೆಮನೆಯಲ್ಲೂ ಸ್ವಯಂಪ್ರೇರಿತರಾಗಿ ಒದಗಿದರು. ಬರೀ ಬೇವಿನ ಗುಂಪಿಗೆ ಯಾರೂ ಮುಂದೆ ಬಾರದ ಕಾರಣ, ಸಕ್ಕರೆ ಕಾಯಿಲೆಯ ಮಾವನವರನ್ನು ಸೊಸೆಯಂದಿರೇ ನೇಮಿಸಿದರು. ಫಲಿತಾಂಶ ಅದ್ಭುತ: ಆ ಗುಂಪಿನಲ್ಲಿ ಒಂದೂ ಹುಳುಕು ಹಲ್ಲಿಲ್ಲ, ಏಕೆಂದರೆ ಹಲ್ಲೇ ಇಲ್ಲ. ಅವರ ಕಟ್ಟಿಸಿದ ಸೆಟ್ಟು ರಾತ್ರಿಯಿಡೀ ಗಾಜಿನ ಲೋಟದಲ್ಲಿ ಮಲಗುವುದರಿಂದ, ಇವರ ಅಂಕಿಅಂಶಗಳನ್ನು ಗಾಜಿನ ತಟ್ಟೆಯ ಪ್ರಯೋಗಗಳ ಖಾತೆಗೇ ಜಮಾ ಮಾಡಲಾಗಿದೆ.