ತಟ್ಟೆ ಮೊದಲು, ಕಥೆ ಆಮೇಲೆ

ನಮ್ಮ ಕರಾವಳಿಯಲ್ಲಿ ಆಟ ಅಂದರೆ ಯಕ್ಷಗಾನ. ಆಟ ಅಂದಮೇಲೆ ಕಥೆ ಇದ್ದೇ ಇರುತ್ತದೆ. ಹಾಗಾಗಿ ಅಕ್ಕನ ಮಗಳು, “ಮಾವ, ಫೋನಲ್ಲಿ ಕಥೆ ಇರುವ ಆಟ ಯಾವುದು ಒಳ್ಳೇದು?” ಎಂದಾಗ, “ಕಥೆ ಇಲ್ಲದ ಆಟವೂ ಉಂಟಾ?” ಎಂದು ಕೇಳಿ ಮರ್ಯಾದೆ ಕಳೆದುಕೊಂಡೆ. ಅದನ್ನು ವಾಪಸು ಗಳಿಸಲು ಒಂದು ವಾರ ಫೋನ್ ಹಿಡಿದು ಕೂತೆ.

ಮೊದಲು ಸಿಕ್ಕಿದ್ದು ಒಂದು ಪ್ರೇಮಕಥೆ. ನಾಯಕಿ ಮದುವೆ ಮನೆಗೆ ಹೊರಟಿದ್ದಾಳೆ. ಏನು ಉಡಬೇಕೆಂದು ಫೋನು ನನ್ನನ್ನು ಕೇಳಿತು. ಮಿರಮಿರ ಮಿಂಚುವ ಗೌನಿಗೆ 25 ವಜ್ರ (ಆಟದೊಳಗಿನ ದುಡ್ಡು ಅದು). ಮೈಮೇಲಿದ್ದ ಹಳೇ ಅಂಗಿಯಲ್ಲೇ ಹೋದರೆ ಉಚಿತ. ನನ್ನ ಹತ್ತಿರ ಇದ್ದದ್ದು 23 ವಜ್ರ. ಬಡವರ ಮನೆಯ ಹುಡುಗಿಯ ಕಷ್ಟ ನನಗೆ ಇಷ್ಟು ಚೆನ್ನಾಗಿ ಯಾವ ಕಾದಂಬರಿಯೂ ಅರ್ಥ ಮಾಡಿಸಿರಲಿಲ್ಲ.

ಈ ಜಾತಿಯ ಆಟಗಳಲ್ಲಿ ಹೆಸರಾದದ್ದು 2016ರಲ್ಲಿ ಬಂದ ‘ಚಾಯ್ಸಸ್’. ಹೆಸರೇ ಆಯ್ಕೆಗಳು ಎಂದು. ರುಚಿಕಟ್ಟಾದ ಆಯ್ಕೆಗೆ ವಜ್ರ ಬೇಕು, ಮುಂದಿನ ಅಧ್ಯಾಯಕ್ಕೆ ಕೀಲಿ ಬೇಕು, ಕೀಲಿ ಖರ್ಚಾದರೆ ಗಂಟೆಗಟ್ಟಲೆ ಕಾಯಬೇಕು. ಹರಿಕಥೆ ದಾಸರೂ ಮಂಗಳಾರತಿ ತಟ್ಟೆ ಕಳಿಸುತ್ತಾರೆ ನಿಜ. ಆದರೆ ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದಾಗ ಕಥೆ ನಿಲ್ಲಿಸಿ, “ಕೃಷ್ಣ ಬರಬೇಕಾದರೆ 18 ವಜ್ರ, ಬರದಿದ್ದರೆ ಉಚಿತ” ಎಂದು ಯಾವ ದಾಸರೂ ತಟ್ಟೆ ಚಾಚಿದ್ದಿಲ್ಲ.

“ಅದೆಲ್ಲ ಹಳತಾಯ್ತು ಮಾವ, ಗೆನ್ಶಿನ್ ನೋಡಿ” ಎಂದಳು ಅಕ್ಕನ ಮಗಳು. ‘ಗೆನ್ಶಿನ್ ಇಂಪ್ಯಾಕ್ಟ್’ ಚೀನಾದ ಮಿಹೋಯೋ ಕಂಪನಿಯದು. ಫೋನಿನಲ್ಲಿ 20 ಜಿಬಿಗೂ ಮೀರಿ ಜಾಗ ಕೇಳುತ್ತದೆ. ನಮ್ಮ ಮನೆಯ ಮೂರು ಮದುವೆ, ಎರಡು ಉಪನಯನದ ಫೋಟೋ ಅಳಿಸಿ ಬರಮಾಡಿಕೊಂಡೆ. ಕಣ್ಣಿಗೆ ಹಬ್ಬ, ಸುಳ್ಳು ಹೇಳಬಾರದು. ಕಥೆಯನ್ನು ಒಂದು ರೂಪಾಯಿ ಕೊಡದೆಯೂ ಆಡಬಹುದು. ಬೇರೆಯಾದ ಒಡಹುಟ್ಟನ್ನು ಹುಡುಕಿ ಹೊರಟ ಪಯಣಿಗನ ಕಥೆ ಅದು. 2020ರ ಸೆಪ್ಟೆಂಬರಿನಲ್ಲಿ ಶುರುವಾದ ಹುಡುಕಾಟ. ಸೀತೆಯನ್ನು ಹುಡುಕಲು ಕಪಿಗಳಿಗೆ ಸುಗ್ರೀವ ಒಂದು ತಿಂಗಳ ಗಡುವು ಕೊಟ್ಟಿದ್ದ. ಇಲ್ಲಿ ಅಂಥ ಸುಗ್ರೀವ ಯಾರೂ ಇಲ್ಲ.

ಹೊಸ ಪಾತ್ರಗಳು ಬರುವುದು ಮಾತ್ರ ಲಾಟರಿಯಲ್ಲಿ. ಇದಕ್ಕೆ ಗಚಾ ಎಂದು ಹೆಸರು. ಜಪಾನಿನ ಬೀದಿಗಳಲ್ಲಿ ನಾಣ್ಯ ಹಾಕಿ ತಿರುಗಣೆ ತಿರುಗಿಸಿದರೆ ಆಟಿಕೆ ಬೀಳುವ ಡಬ್ಬಿಗಳಿವೆಯಲ್ಲ, ಆ ತಿರುಗಣೆಯ ಸದ್ದೇ ಗಚಾ. ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಂಭವ ನೂರಕ್ಕೆ 0.6. ಒಂದು ಸಲಕ್ಕೆ 160 ರತ್ನ, ಇಲ್ಲಿನ ದುಡ್ಡು ಅದು. ಎಷ್ಟೇ ಅದೃಷ್ಟಗೇಡಿಯಾದರೂ 90ನೇ ಸಲಕ್ಕೆ ಒಬ್ಬ ಸಿಕ್ಕೇ ಸಿಗುತ್ತಾನೆ. ನೀವು ಬಯಸಿದವನೇ ಸಿಗಬೇಕೆಂದಿಲ್ಲ. ಈ ಏರ್ಪಾಟಿಗೆ ಆಡುವವರು ಇಟ್ಟ ಹೆಸರು ‘ಪಿಟಿ’, ಅಂದರೆ ಕರುಣೆ. 14,400 ರತ್ನ ಸುರಿದ ಮೇಲೆ ಉಕ್ಕುವ ಕರುಣೆ!

ಹಾಗಾದರೆ ಪುಕ್ಕಟೆ ಆಡುವವರ ಖರ್ಚು ಯಾರ ತಲೆಗೆ? ಕಟೀಲು ಯಕ್ಷಗಾನ ಮೇಳದ ಹರಕೆ ಆಟ ನೋಡಿದವರಿಗೆ ಇದು ಸುಲಭ. ಹರಕೆ ಹೊತ್ತವರೊಬ್ಬರು ಖರ್ಚು ವಹಿಸುತ್ತಾರೆ, ಊರಿಗೆ ಊರೇ ಚಾಪೆ ಹಾಸಿ ಕೂರುತ್ತದೆ. ಇಲ್ಲೂ ಹಾಗೆಯೇ, ಎಲ್ಲೋ ಒಬ್ಬ ಸುರಿಯುತ್ತಾನೆ, ಬಹಳ ಮಂದಿ ಪುಕ್ಕಟೆ ಆಡುತ್ತಾರೆ. ಸುರಿಯುವವನಿಗೆ ಆ ಉದ್ಯಮದಲ್ಲಿ ‘ತಿಮಿಂಗಿಲ’ ಎಂದು ಹೆಸರು. ಹರಕೆ ಹೊತ್ತವರನ್ನು ಯಾವ ಮೇಳವೂ ಮೀನಿನ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. (ತಿಮಿಂಗಿಲ ಮೀನಲ್ಲ ಎಂದು ಅಕ್ಕನ ಮಗಳು ತಿದ್ದಿದಳು. ಇರಲಿ.)

ಆಮೇಲೆ ಸಿಕ್ಕಿದ್ದು ಇನ್ನೊಂದು ಪ್ರೇಮಕಥೆ, ಕೊರಿಯಾದ ‘ಮಿಸ್ಟಿಕ್ ಮೆಸೆಂಜರ್’. ಅದರಲ್ಲಿ ನಾಯಕರ ಹರಟೆ ನಡೆಯುವುದು ನಿಜವಾದ ಗಡಿಯಾರದ ಪ್ರಕಾರ, ನಡುರಾತ್ರಿಯೂ ಬಿಡದೆ. ನಿದ್ದೆ ಹೋದಿರೋ, ತಪ್ಪಿದ ಮಾತಿಗೆ ಮರಳುಗಡಿಯಾರ ತೆರಬೇಕು. ಎಷ್ಟೋ ಮೇಳಗಳೇ ರಾತ್ರಿಯಿಡೀ ಆಡುವುದು ಬಿಟ್ಟು ಕಾಲಮಿತಿಗೆ ಇಳಿದಿರುವ ಕಾಲದಲ್ಲಿ ಈ ವಯಸ್ಸಿಗೆ ನನಗದು ಬೇಡ.

ಅಂತೂ ಒಂದನ್ನು ಹೇಳಬೇಕಲ್ಲ. ‘ಫ್ಲಾರೆನ್ಸ್’ ಎಂದೆ. 2018ರದು, ಮೆಲ್ಬರ್ನಿನ ಸಣ್ಣ ತಂಡವೊಂದು ಮಾಡಿದ್ದು. ಒಮ್ಮೆ ದುಡ್ಡು ಕೊಟ್ಟರೆ ಆಮೇಲೆ ತಟ್ಟೆ ಬರುವುದಿಲ್ಲ. ಫ್ಲಾರೆನ್ಸ್ ಎಂಬ ಹುಡುಗಿಗೆ ಚೆಲ್ಲೋ ನುಡಿಸುವ ಕ್ರಿಶ್ ಸಿಗುತ್ತಾನೆ. ಅವರ ಮಾತುಗಳು ಚಿತ್ರದ ತುಣುಕುಗಳಂತೆ ಬರುತ್ತವೆ, ಜೋಡಿಸಿದರೆ ಮಾತಾಡಿದಂತೆ. ಸಲಿಗೆ ಬೆಳೆದ ಹಾಗೆ ತುಣುಕು ಕಡಿಮೆಯಾಗುತ್ತದೆ. ಜಗಳದಲ್ಲಿ ತುಣುಕಿನ ಅಂಚು ಚೂಪಾಗುತ್ತದೆ. ಅವನು ಅವಳ ಮನೆ ಸೇರಿದಾಗ ಕಪಾಟಿನಲ್ಲಿ ಯಾರ ಸಾಮಾನು ಇರಬೇಕು, ಯಾವುದನ್ನು ಎತ್ತಿಡಬೇಕು ಎಂಬುದು ನಿಮ್ಮ ಕೆಲಸ. ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಕೈಯೂ ಅಲ್ಲಿ ತಡೆಯಿತು. ಏನೇ ಮಾಡಿ, ಕೊನೆ ಬದಲಾಗುವುದಿಲ್ಲ. ಆಯ್ಕೆ ಮಾರುವವರ ಸಂತೆಯಲ್ಲಿ, ಆಯ್ಕೆಯೇ ಕೊಡದ ಈ ಆಟ ಒಂದೇ ನನ್ನನ್ನು ದೊಡ್ಡವನಂತೆ ನಡೆಸಿಕೊಂಡಿತು.

ಅಕ್ಕನ ಮಗಳು ಒಂದು ಗಂಟೆಯೊಳಗೆ ಮುಗಿಸಿ ಬಂದಳು. “ಎಂತ ಮಾವ, ಇಷ್ಟು ಬೇಗ ಮುಗಿದೇ ಹೋಯ್ತು!” ಎಂದಳು. ಕಣ್ಣು ಮಾತ್ರ ಒದ್ದೆ.

ನನ್ನ ಮೊದಲ ನಾಯಕಿ ಇನ್ನೂ ಹಳೇ ಅಂಗಿಯಲ್ಲಿ ಕನ್ನಡಿ ಮುಂದೆ ನಿಂತಿದ್ದಾಳೆ. ಎರಡು ವಜ್ರ ಕಡಿಮೆ.